ಮನೆಯಲ್ಲಿ ಐಬಿಡಿ ಇರುವವರಿದ್ದರೆ: ಕೊಡಗಿನ ಕುಟುಂಬಗಳಿಗೆ ಆರೈಕೆಯ ಕೈಪಿಡಿ

ಮಲದಲ್ಲಿ ರಕ್ತ ಕಂಡರೆ ನಮ್ಮಲ್ಲಿ ಮೊದಲು ಬಾಯಿಗೆ ಬರುವ ಹೆಸರು ಮೂಲವ್ಯಾಧಿ. ಒಂದಷ್ಟು ದಿನ ನಾಟಿ ಮದ್ದು, ಮತ್ತೊಂದಷ್ಟು ದಿನ ‘ಉಷ್ಣ ಆಗಿದೆ’ ಎಂಬ ಸಮಾಧಾನ. ಅಷ್ಟರಲ್ಲಿ ಮೈತೂಕ ಐದಾರು ಕಿಲೋ ಇಳಿದಿರುತ್ತದೆ. ಕೊನೆಗೆ ಮೈಸೂರಿಗೋ ಮಂಗಳೂರಿಗೋ ಹೋಗಿ ಕೊಲೊನೋಸ್ಕೋಪಿ (ಗುದದ ಮೂಲಕ ಕ್ಯಾಮೆರಾ ಕೊಳವೆ ತೂರಿಸಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಮಾಡಿಸಿದಾಗ ಚೀಟಿಯಲ್ಲಿ ‘ಅಲ್ಸರೇಟಿವ್ ಕೊಲೈಟಿಸ್’ ಅಥವಾ ‘ಕ್ರೋನ್ಸ್’ ಎಂದು ಬರೆದಿರುತ್ತದೆ. ಆ ಚೀಟಿ ಹಿಡಿದು ಮನೆಗೆ ಬಂದ ಮೇಲೆ ಮನೆಯವರು ಏನೇನು ಮಾಡಬೇಕು ಎಂಬುದಷ್ಟೇ ಇಲ್ಲಿದೆ.

ಎರಡೂ ಸೇರಿ ಐಬಿಡಿ, ಅಂದರೆ ಕರುಳಿನ ಉರಿಯೂತದ ಕಾಯಿಲೆ. ದೇಹದ ರಕ್ಷಣಾ ವ್ಯವಸ್ಥೆಯೇ ಕರುಳಿನ ಮೇಲೆ ತಿರುಗಿ ಬೀಳುವುದರಿಂದ ಬರುವಂಥದ್ದು. ಕೊಲೈಟಿಸ್ ದೊಡ್ಡ ಕರುಳಿಗೆ ಸೀಮಿತ. ಗುದದಿಂದ ಶುರುವಾಗಿ ಮೇಲಕ್ಕೆ ಹಬ್ಬುತ್ತದೆ, ಒಳಪದರವನ್ನು ಮಾತ್ರ ಹುಣ್ಣಾಗಿಸುತ್ತದೆ. ಕ್ರೋನ್ಸ್ ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ತೇಪೆ ತೇಪೆಯಾಗಿ ಬರಬಹುದು. ಕರುಳಿನ ಗೋಡೆಯ ಪೂರ್ತಿ ದಪ್ಪಕ್ಕೂ ಇಳಿಯುವುದರಿಂದ ಕರುಳು ಕಿರಿದಾಗುವುದು, ಗುದದ ಪಕ್ಕ ಕೀವುಗಟ್ಟಿ ಫಿಸ್ಟುಲಾ (ಕರುಳಿನಿಂದ ಚರ್ಮಕ್ಕೆ ತೆರೆಯುವ ಅಡ್ಡದಾರಿ) ಆಗುವುದು ಇದರಲ್ಲೇ ಹೆಚ್ಚು. ಕರುಳಿನ ಟಿಬಿ ನೋಡಲು ಕ್ರೋನ್ಸ್‌ನಂತೆಯೇ ಇರುತ್ತದೆ. ಹಾಗಾಗಿ ವೈದ್ಯರು ಮೊದಲು ಟಿಬಿ ಪರೀಕ್ಷೆ ಮಾಡಿಸಿದರೆ ಅಥವಾ ಟಿಬಿ ಮಾತ್ರೆ ಕೊಟ್ಟು ನೋಡಿದರೆ ‘ಇವರಿಗೇ ಗೊತ್ತಿಲ್ಲ’ ಎಂದು ಆಸ್ಪತ್ರೆ ಬದಲಿಸಬೇಡಿ. ಐಬಿಡಿ ಅಂಟುರೋಗವಲ್ಲ. ತಟ್ಟೆ, ಲೋಟ, ಹಾಸಿಗೆ ಬೇರೆ ಮಾಡುವ ಅಗತ್ಯವಿಲ್ಲ.

ಕಾಯಿಲೆ ಕೆರಳುತ್ತದೆ, ತಣಿಯುತ್ತದೆ, ಮತ್ತೆ ಕೆರಳುತ್ತದೆ. ಆರೈಕೆಯ ಬಹುಪಾಲು ಕೆಲಸ ತಣಿದಿರುವಾಗಲೇ ಇರುವುದು.

ಮೊದಲು ಕೇಳಿ, ಆಮೇಲೆ ಮಾಡಿ

ಎಷ್ಟು ಸಲ ಹೊರಗೆ ಹೋಗಿ ಬಂದೆ, ರಕ್ತ ಬಂತೇ ಎಂದು ನಡುಮನೆಯಲ್ಲಿ ನಾಲ್ಕು ಜನರೆದುರು ಕೇಳಿಸಿಕೊಳ್ಳಲು ಯಾರಿಗೂ ಇಷ್ಟವಿರುವುದಿಲ್ಲ. ಇಪ್ಪತ್ತರ ಹರೆಯದವರಿಗಂತೂ ಸಾವೇ ವಾಸಿ ಎನಿಸುತ್ತದೆ. ಒಕ್ಕ (ಮನೆತನ) ದೊಡ್ಡದು, ನೆಂಟರು ಬಹಳ. ಮದುವೆಮನೆಯಲ್ಲಿ ಒಬ್ಬರಿಗೆ ಹೇಳಿದ್ದು ಪುತ್ತರಿ ಹಬ್ಬದೊಳಗೆ ಊರಿಗೆಲ್ಲ ತಿಳಿದಿರುತ್ತದೆ. ಆದ್ದರಿಂದ ಕಾಯಿಲೆಯವರನ್ನೇ ಕೂರಿಸಿಕೊಂಡು ಮೂರು ವಿಷಯ ತೀರ್ಮಾನ ಮಾಡಿಕೊಳ್ಳಿ. ಯಾರಿಗೆ ಎಷ್ಟು ಹೇಳಬಹುದು? ಮೈ ಮುಟ್ಟುವ ಕೆಲಸಕ್ಕೆ, ಎನಿಮಾ (ಗುದದ ಮೂಲಕ ಒಳಗೆ ಬಿಡುವ ದ್ರವ ಔಷಧಿ) ಕೊಡುವುದಕ್ಕೆ, ತೊಳೆಯುವುದಕ್ಕೆ ಯಾರು ಬೇಕು? ವೈದ್ಯರ ಕೋಣೆಯೊಳಗೆ ಜೊತೆಗೆ ಯಾರು ಬರಬೇಕು? ಮೂರಕ್ಕೂ ಒಬ್ಬರೇ ಆಗಬೇಕೆಂದಿಲ್ಲ. ಮಗನ ಎನಿಮಾ ಅಮ್ಮ ಕೊಡುವುದು ಮಗನಿಗೆ ಒಪ್ಪಿಗೆಯಾಗದೆ, ಅಣ್ಣ ಕೊಟ್ಟರೆ ಆಗಬಹುದು.

ಫೈಲು ಮಾತ್ರ ಒಬ್ಬರ ಕೈಯಲ್ಲೇ ಇರಲಿ. ಕೊಲೊನೋಸ್ಕೋಪಿ ಮತ್ತು ಬಯಾಪ್ಸಿ (ಕರುಳಿನ ಚೂರು ತೆಗೆದು ಮಾಡುವ ಪರೀಕ್ಷೆ) ವರದಿ, ಸ್ಕ್ಯಾನ್, ರಕ್ತಪರೀಕ್ಷೆಗಳು ತಾರೀಖಿನ ಪ್ರಕಾರ. ಅದರ ಮೇಲ್ಗಡೆ ಒಂದೇ ಹಾಳೆ: ಕಾಯಿಲೆಯ ಹೆಸರು, ಈಗಿನ ಔಷಧಿ ಎಷ್ಟು ಮಿಲಿಗ್ರಾಂ, ಸ್ಟೀರಾಯ್ಡ್ ಯಾವಾಗಿನಿಂದ, ಯಾವುದು ಒಗ್ಗುವುದಿಲ್ಲ, ತೋರಿಸುತ್ತಿರುವ ವೈದ್ಯರ ನಂಬರು. ಅದನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಇನ್ನೊಬ್ಬರಿಗೂ ಕಳುಹಿಸಿಡಿ. ಮಳೆಗಾಲದ ಮಧ್ಯರಾತ್ರಿ ಡ್ಯೂಟಿ ಡಾಕ್ಟರಿಗೆ ಬೇಕಾಗುವುದು ಆ ಒಂದು ಹಾಳೆ.

ದಿನದ ಪುಸ್ತಕ

ಇನ್ನೂರು ಪುಟದ ನೋಟ್‌ಬುಕ್ ಸಾಕು. ದಿನಕ್ಕೊಂದು ಸಾಲು: ಎಷ್ಟು ಸಲ ಮಲವಿಸರ್ಜನೆ, ಅದರಲ್ಲಿ ರಾತ್ರಿ ನಿದ್ದೆಯಿಂದ ಎಬ್ಬಿಸಿದ್ದು ಎಷ್ಟು, ರಕ್ತ ಇತ್ತೇ, ಗಟ್ಟಿಯೋ ನೀರೋ, ಹೊಟ್ಟೆನೋವು, ಜ್ವರ. ವಾರಕ್ಕೊಮ್ಮೆ ತೂಕ, ಬೆಳಿಗ್ಗೆ ತಿಂಡಿಗೆ ಮುಂಚೆ, ಅದೇ ಯಂತ್ರದಲ್ಲಿ. ಕಾಫಿ ಮೂಟೆ ತೂಗುವ ತಕ್ಕಡಿಯಾದರೂ ಪರವಾಗಿಲ್ಲ, ಪ್ರತಿ ಸಲ ಅದೇ ಆಗಿರಬೇಕು. 60 ಕಿಲೋ ಇದ್ದವರು ಒಂದು ತಿಂಗಳಲ್ಲಿ 3 ಕಿಲೋ ಇಳಿದರೆ ಮುಂದಿನ ಭೇಟಿಯವರೆಗೆ ಕಾಯದೆ ಫೋನ್ ಮಾಡಿ.

ಬರೆಯುವುದು ಕಾಯಿಲೆಯವರೇ ಆದರೆ ಒಳ್ಳೆಯದು. ಅವರಿಗೆ ಸುಸ್ತಾದ ದಿನ ಮಾತ್ರ ಮನೆಯವರು ಬರೆದರಾಯಿತು. ರಾತ್ರಿ ಎದ್ದ ಲೆಕ್ಕಕ್ಕೆ ವಿಶೇಷ ಬೆಲೆಯಿದೆ. ಟೆನ್ಷನ್ನಿಗೆ ಕೆಡುವ ಹೊಟ್ಟೆ ಸಾಮಾನ್ಯವಾಗಿ ಮಲಗಿದವರನ್ನು ಎಬ್ಬಿಸುವುದಿಲ್ಲ, ಉರಿಯೂತ ಎಬ್ಬಿಸುತ್ತದೆ.

ಬಣ್ಣ ನೋಡಿ ಗಾಬರಿಯಾಗುವ ಮೊದಲು ತಿಂದದ್ದನ್ನು ನೆನಪಿಸಿಕೊಳ್ಳಿ. ಕಬ್ಬಿಣದ ಮಾತ್ರೆ ತಿಂದರೆ ಮಲ ಕಪ್ಪಾಗುತ್ತದೆ. ಬೀಟ್‌ರೂಟ್ ತಿಂದರೆ ಕೆಂಪು. ಕಕ್ಕಡ ತಿಂಗಳ 18ಕ್ಕೆ ಮದ್ದು ಸೊಪ್ಪಿನ ಪಾಯಸ ತಿಂದ ಮೇಲೆ ಮೂತ್ರ ಕೆಂಪಾಗುವುದು ಇಲ್ಲಿಯವರಿಗೆಲ್ಲ ಗೊತ್ತು; ಹೊರಗಿನಿಂದ ಬಂದ ಸೊಸೆಗೋ ಅಳಿಯನಿಗೋ ಗೊತ್ತಿರುವುದಿಲ್ಲ, ಪುಸ್ತಕದಲ್ಲಿ ಅದನ್ನೂ ಬರೆದಿಡಿ.

ಔಷಧಿ: ತಪ್ಪುವುದು ಎಲ್ಲಿ

ಹೆಚ್ಚು ಸಲ ಕಾಯಿಲೆ ಮರುಕಳಿಸುವುದು ಹುಷಾರಾಯಿತೆಂದು ಮಾತ್ರೆ ಬಿಟ್ಟಾಗ. ಕರುಳಿನ ಉರಿಯೂತ ತಗ್ಗಿಸುವ ಮೆಸಲಮೈನ್ ಮಾತ್ರೆ ಬಿಟ್ಟ ಮರುದಿನವೇ ಏನೂ ಆಗುವುದಿಲ್ಲ, ತೊಂದರೆ ಇರುವುದೇ ಅಲ್ಲಿ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ರಕ್ತ ಬರುತ್ತದೆ, ಆಗ ಅದನ್ನು ಹಿಂದಿನ ದಿನದ ಊಟದ ತಲೆಗೆ ಕಟ್ಟುತ್ತಾರೆ. ಈ ಮಾತ್ರೆಯ ಮೇಲಿನ ಲೇಪನ ಕರುಳಿನಲ್ಲಿ ಕರಗುವಂತೆ ಮಾಡಿದ್ದು. ನುಂಗಲು ಕಷ್ಟ ಎಂದು ಪುಡಿ ಮಾಡಿ ಕೊಟ್ಟರೆ ಔಷಧಿ ಮೇಲೆಯೇ ಕರಗಿ ಹೋಗುತ್ತದೆ. ನುಂಗಲಾಗದಿದ್ದರೆ ಸ್ಯಾಶೆಯಲ್ಲಿ ಬರುವ ಕಾಳುಗಳನ್ನು ಬರೆದುಕೊಡಲು ಕೇಳಿ.

ಸ್ಟೀರಾಯ್ಡ್, ಅಂದರೆ ಪ್ರೆಡ್ನಿಸೋಲೋನ್, ಬೆಳಿಗ್ಗೆ ತಿಂಡಿಯ ನಂತರ. ಸಂಜೆ ಕೊಟ್ಟರೆ ನಿದ್ದೆ ಹಾಳು. ಮುಖ ಊದುತ್ತದೆ, ವಿಪರೀತ ಹಸಿವು, ಸಿಟ್ಟು, ಸಕ್ಕರೆಯೂ ಏರಬಹುದು. ಮುಖ ನೋಡಿ ನೆಂಟರು ಏನಾದರೂ ಅಂದರೆಂದು ಮಾತ್ರೆ ನಿಲ್ಲಿಸಿಬಿಡುವವರಿದ್ದಾರೆ. ಮೂರು ವಾರಕ್ಕಿಂತ ಹೆಚ್ಚು ತಿಂದಿದ್ದರೆ ಥಟ್ಟನೆ ನಿಲ್ಲಿಸುವುದು ಪ್ರಾಣಾಪಾಯ. ಹೊರಗಿನಿಂದ ಸಿಗುತ್ತಿದ್ದರಿಂದ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ತಗ್ಗಿಸಿರುತ್ತದೆ, ಬಿಪಿ ಕುಸಿದು ಬೀಳಬಹುದು. ವೈದ್ಯರು ಬರೆದ ಇಳಿಕೆಯ ಲೆಕ್ಕವನ್ನು ಕ್ಯಾಲೆಂಡರಿನ ಚೌಕಗಳಲ್ಲಿ ಬರೆದು, ಕೊಟ್ಟ ದಿನ ಗೀಟು ಹಾಕಿ. ಜೊತೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ ಬರೆದಿದ್ದರೆ ಅದನ್ನು ಟಾನಿಕ್ ಎಂದು ಬಿಡಬೇಡಿ, ಮೂಳೆಗಾಗಿ ಕೊಟ್ಟದ್ದು.

ದೇಹದ ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಅಜಾಥಯೋಪ್ರಿನ್ ಶುರುವಾದರೆ ಮೊದಲ ಒಂದೆರಡು ತಿಂಗಳು ಪದೇ ಪದೇ, ಆಮೇಲೆ ಸುಮಾರು ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಇರುತ್ತದೆ. ಬಿಳಿ ರಕ್ತಕಣ ಕುಸಿಯುವ ಸಾಧ್ಯತೆ ಇರುವುದರಿಂದ ಅದನ್ನು ತಪ್ಪಿಸುವಂತಿಲ್ಲ. ಶುರುವಿನ ವಾರಗಳಲ್ಲಿ ಕೂದಲು ಹಿಡಿ ಹಿಡಿಯಾಗಿ ಉದುರಿದರೆ, ಬಾಯಿಯಲ್ಲಿ ಹುಣ್ಣೆದ್ದರೆ ಅಂದೇ ಫೋನ್ ಮಾಡಿ. ಇನ್ನೊಂದು ಎಚ್ಚರಿಕೆ ಪಂದಿಕರಿ, ಪೆಗ್ಗು, ಯೂರಿಕ್ ಆಸಿಡ್ ಮೂರೂ ಪರಿಚಯವಿರುವ ನಮ್ಮ ಜಿಲ್ಲೆಗೆ ಚೆನ್ನಾಗಿ ಅನ್ವಯಿಸುತ್ತದೆ: ಗೌಟಿಗೆ (ಯೂರಿಕ್ ಆಸಿಡ್ ಏರಿ ಬರುವ ಕೀಲುನೋವಿಗೆ) ಕೊಡುವ ಅಲೊಪ್ಯೂರಿನಾಲ್ ಅಥವಾ ಫೆಬುಕ್ಸೊಸ್ಟಾಟ್ ಅಜಾಥಯೋಪ್ರಿನ್ ಜೊತೆ ಸೇರಿದರೆ ರಕ್ತಕಣಗಳು ಅಪಾಯಕಾರಿಯಾಗಿ ಇಳಿಯುತ್ತವೆ. ಕಾಲುನೋವಿಗೆ ಬೇರೆ ವೈದ್ಯರ ಬಳಿ ಹೋದಾಗ ಫೈಲಿನ ಮೇಲಿನ ಹಾಳೆ ತೋರಿಸಿ.

ಅಂಥದ್ದೇ ಇನ್ನೊಂದು ಔಷಧಿ ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಅಭ್ಯಾಸಬಲದಿಂದ ದಿನವೂ ಕೊಟ್ಟು ಜೀವಕ್ಕೆ ಕುತ್ತು ತಂದುಕೊಳ್ಳುವ ತಪ್ಪು ಪ್ರಪಂಚದೆಲ್ಲೆಡೆ ಆಗಿದೆ. ವಾರದ ಹೆಸರನ್ನು ಡಬ್ಬದ ಮೇಲೆ ದೊಡ್ಡದಾಗಿ ಬರೆಯಿರಿ, ಫೋಲಿಕ್ ಆಸಿಡ್ ಬೇರೆ ದಿನಕ್ಕೆ. ಬಸಿರಾಗುವ ಯೋಚನೆ ಇದ್ದರೆ ಇದನ್ನು ಮೊದಲೇ ಬಿಡಿಸಬೇಕು. ಉಳಿದ ಬಹುತೇಕ ಐಬಿಡಿ ಔಷಧಿಗಳನ್ನು ಬಸುರಿನಲ್ಲಿ ಮುಂದುವರಿಸುತ್ತಾರೆ, ಅತ್ತೆ ಹೇಳಿದರೆಂದು ನಿಲ್ಲಿಸುವಂಥವಲ್ಲ.

ಮೈಕೈ ನೋವಿಗೆ ಪ್ಯಾರಸಿಟಮಾಲ್ ಸರಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಕಾಯಿಲೆಯನ್ನು ಕೆರಳಿಸಬಲ್ಲವು; ಕ್ಲಿನಿಕ್ಕಿನಲ್ಲಿ ಸೂಜಿ ಚುಚ್ಚುವ ಮೊದಲು ಯಾವ ಇಂಜೆಕ್ಷನ್ ಎಂದು ಕೇಳಿ. ರಕ್ತಭೇದಿ ಜೋರಾಗಿರುವಾಗ ಭೇದಿ ನಿಲ್ಲಿಸುವ ಲೊಪೆರಮೈಡ್ ಸ್ವಂತಕ್ಕೆ ಕೊಡಬೇಡಿ. ಕರುಳು ಸ್ತಬ್ಧವಾಗಿ ಬಲೂನಿನಂತೆ ಊದಿಕೊಳ್ಳುವ ಅಪಾಯವಿದೆ.

ಅಡಾಲಿಮುಮಾಬ್‌ನಂಥ ಇಂಜೆಕ್ಷನ್ ಇದ್ದರೆ ಫ್ರಿಜ್ಜಿನ ನಡುವಿನ ತಟ್ಟೆಯಲ್ಲಿ, 2ರಿಂದ 8 ಡಿಗ್ರಿಯಲ್ಲಿ. ಬಾಗಿಲಲ್ಲಿ ಬೇಡ, ಫ್ರೀಜರಿಗೆ ತಾಗಿಯೂ ಬೇಡ. ಒಮ್ಮೆ ಹೆಪ್ಪುಗಟ್ಟಿದ್ದನ್ನು ಕರಗಿಸಿ ಬಳಸುವಂತಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟು ಹೋದರೆ ಯಾವಾಗ ಬರುತ್ತದೋ ಹೇಳಲಾಗದು. ಬಾಗಿಲು ತೆರೆಯದಿದ್ದರೆ ಫ್ರಿಜ್ಜಿನ ತಂಪು ಸುಮಾರು ನಾಲ್ಕು ಗಂಟೆ ನಿಲ್ಲುತ್ತದೆ. ಆಮೇಲೆ ಐಸ್ ಪ್ಯಾಕ್ ಇಟ್ಟ ಥರ್ಮೋಕೋಲ್ ಪೆಟ್ಟಿಗೆಗೆ ಸಾಗಿಸಿ, ಐಸಿಗೂ ಔಷಧಿಗೂ ನಡುವೆ ಮಡಿಸಿದ ಟವೆಲ್ ಇರಲಿ. ಚುಚ್ಚುವ ಅರ್ಧ ಗಂಟೆ ಮೊದಲು ಹೊರಗಿಟ್ಟರೆ ಉರಿ ಕಡಿಮೆ. ತೊಡೆಗೆ, ಇಲ್ಲವೇ ಹೊಕ್ಕುಳಿಂದ ಮೂರು ಬೆರಳಿಗಿಂತ ದೂರದಲ್ಲಿ ಹೊಟ್ಟೆಗೆ, ಪ್ರತಿ ಸಲ ಜಾಗ ಬದಲಿಸಿ.

ಎನಿಮಾ ಕೊಡುವುದು

ಗುದದ ಹತ್ತಿರದ ಉರಿಯೂತಕ್ಕೆ ಮಾತ್ರೆಗಿಂತ ಇದು ನೇರವಾಗಿ ಹೋಗಿ ತಾಗುವ ಔಷಧಿ. ಆದರೂ ಮುಜುಗರಕ್ಕೆ ಅರ್ಧಕ್ಕೇ ಬಿಡುವವರು ಹೆಚ್ಚು. ವಿಧಾನ ಸರಿಯಿದ್ದರೆ ಹತ್ತು ನಿಮಿಷದ ಕೆಲಸ.

ರಾತ್ರಿ ಮಲಗುವ ಹೊತ್ತಿಗೆ, ಶೌಚ ಮುಗಿಸಿ ಬಂದ ಮೇಲೆ. ಕೊಡಗಿನ ಚಳಿಯಲ್ಲಿ ಬಾಟಲಿ ತಣ್ಣಗಿರುತ್ತದೆ. ತಣ್ಣಗಿನ ದ್ರವ ಒಳಗೆ ಹೋದ ತಕ್ಷಣ ಕರುಳು ಹಿಂಡಿ ಹೊರದಬ್ಬುತ್ತದೆ. ಬಾಟಲಿಯನ್ನು ಮುಚ್ಚಳ ತೆಗೆಯದೆ ಉಗುರುಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಐದು ನಿಮಿಷ ಇಡಿ. ಒಲೆಯ ಮೇಲೆ ಬಿಸಿ ಮಾಡಬೇಡಿ. ಚೆನ್ನಾಗಿ ಕುಲುಕಿ. ಹಾಸಿಗೆಗೆ ಹಳೆಯ ಬಟ್ಟೆ, ಅದರಡಿ ಪ್ಲಾಸ್ಟಿಕ್ ಹಾಳೆ ಹಾಸಿ, ಮೆಸಲಮೈನ್ ಬಟ್ಟೆಗೂ ನೆಲಕ್ಕೂ ಹೋಗದ ಕಲೆ ಮಾಡುತ್ತದೆ. ಎಡಮಗ್ಗುಲಿಗೆ ಮಲಗಿಸಿ, ಎಡಗಾಲು ನೆಟ್ಟಗೆ ಚಾಚಿ, ಬಲ ಮೊಣಕಾಲು ಎದೆಯ ಕಡೆಗೆ ಮಡಿಸಿ. ದೊಡ್ಡ ಕರುಳಿನ ಕೊನೆಯ ಭಾಗ ಎಡಕ್ಕಿರುವುದರಿಂದ ದ್ರವ ತಾನಾಗಿ ಒಳಗೆ ಹರಿಯುತ್ತದೆ. ಗ್ಲೌಸ್ ಹಾಕಿಕೊಂಡು, ನಳಿಕೆಯ ತುದಿಗೆ ಜಾರುವ ಜೆಲ್ ಸವರಿ, ಹೊಕ್ಕುಳ ದಿಕ್ಕಿಗೆ ಓರೆಯಾಗಿ ನಿಧಾನ ತೂರಿಸಿ. ಬಾಯಿಂದ ಉಸಿರು ಬಿಡುತ್ತಿರಲು ಹೇಳಿ. ತಡೆ ಸಿಕ್ಕರೆ ನೂಕಬೇಡಿ, ಹಿಂದೆ ತೆಗೆದು ಕೋನ ಬದಲಿಸಿ. ಬಾಟಲಿಯನ್ನು ಒಂದೇ ಸಮನೆ ಮೆಲ್ಲಗೆ ಹಿಂಡಿ, ಹಿಂಡಿದ ಹಿಡಿತ ಬಿಡದೆಯೇ ನಳಿಕೆ ಹೊರತೆಗೆಯಿರಿ. ಕೈ ಸಡಿಲಿಸಿದರೆ ಔಷಧಿ ವಾಪಸ್ ಬಾಟಲಿಗೆ ಎಳೆದುಕೊಳ್ಳುತ್ತದೆ. ಅದೇ ಮಗ್ಗುಲಲ್ಲಿ ಅರ್ಧ ಗಂಟೆ, ಸಾಧ್ಯವಾದರೆ ಇಡೀ ರಾತ್ರಿ ಉಳಿಸಿಕೊಳ್ಳಬೇಕು.

ಮೊದಲ ಕೆಲವು ರಾತ್ರಿ ಹತ್ತೇ ನಿಮಿಷಕ್ಕೆ ಹೊರಬರಬಹುದು. ಹುಣ್ಣು ಆರುತ್ತ ಬಂದಂತೆ ನಿಲ್ಲುತ್ತದೆ, ಆದ್ದರಿಂದ ‘ಹಿಡಿಸಲಿಲ್ಲ’ ಎಂದು ಬಿಡಬೇಡಿ. ವಾರವಾದರೂ ಹಾಗೆಯೇ ಇದ್ದರೆ ನೊರೆಯ ರೂಪದ್ದೋ ಸಪೊಸಿಟರಿಯೋ (ಗುದದೊಳಗೆ ಇಡುವ ಮಾತ್ರೆ) ಸಿಗುತ್ತದೆಯೇ ಕೇಳಿ. ದ್ರವ ಬಿಳಿ ಅಥವಾ ತಿಳಿಕಂದು ಇದ್ದರೆ ಬಳಸಬಹುದು, ಕಡುಕಂದಾಗಿದ್ದರೆ ಎಸೆಯಿರಿ.

ಊಟ

ಈ ಕಾಯಿಲೆಗೆ ಎಲ್ಲರಿಗೂ ಹೊಂದುವ ಪಥ್ಯವೆಂಬುದಿಲ್ಲ. ತಣಿದಿರುವಾಗ ಮನೆಯವರ ಜೊತೆ ಮನೆಯ ಊಟವನ್ನೇ ಉಣ್ಣಬಹುದು. ನೆಂಟರಿಷ್ಟರು ಒಬ್ಬೊಬ್ಬರು ಒಂದೊಂದು ಬಿಡಿಸುತ್ತ ಹೋಗಿ, ಕೊನೆಗೆ ಗಂಜಿಯ ಮೇಲೆಯೇ ಬದುಕುವ ಸ್ಥಿತಿಗೆ ತಂದು, ಆಮೇಲೆ ತೂಕ ಇಳಿಯಿತೆಂದು ಅಳುವುದು ಹೆಚ್ಚು ಕಂಡುಬರುವ ತಪ್ಪು.

ಕೆರಳಿದಾಗ ದೇಹಕ್ಕೆ ಪ್ರೋಟೀನ್ ಹೆಚ್ಚು ಬೇಕು: ಮೈತೂಕದ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ. 50 ಕಿಲೋದವರಿಗೆ 60ರಿಂದ 75 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗುವುದು 6 ಗ್ರಾಂ, ಅಂದಮೇಲೆ ಗಂಜಿ ಮತ್ತು ಉಪ್ಪಿನಕಾಯಿಯಿಂದ ಇದು ಮುಟ್ಟುವ ಲೆಕ್ಕವಲ್ಲ. ಮೂರು ಹೊತ್ತಿನ ಊಟವನ್ನು ಐದಾರು ಸಣ್ಣ ಪಾಲು ಮಾಡಿ. ನೂಪುಟ್ಟು ಮತ್ತು ತೆಳ್ಳಗಿನ ಕೋಳಿ ಸಾರು, ಮೆತ್ತಗೆ ಬೇಯಿಸಿದ ಅನ್ನ ಮೊಸರು, ಮುಳ್ಳು ಬಿಡಿಸಿದ ಮೀನು, ಬೇಯಿಸಿದ ಮೊಟ್ಟೆ, ನುಣ್ಣಗೆ ಮಸೆದ ಹೆಸರುಬೇಳೆ. ಕಡಂಬುಟ್ಟನ್ನು ಬಿಸಿಯಿರುವಾಗಲೇ, ಚೆನ್ನಾಗಿ ಅಗಿದು. ಹಾಲು ಕುಡಿದರೆ ಹೊಟ್ಟೆ ಗುಡುಗುಡು ಎಂದರೆ ಆ ಸಮಯಕ್ಕೆ ಬಿಡಿಸಿ. ಮೊಸರು ಹಲವರಿಗೆ ಒಗ್ಗುತ್ತದೆ. ಪಂದಿಕರಿ ಆ ವಾರ ಬೇಡ. ಕೊಬ್ಬು, ಒಳ್ಳೆಮೆಣಸು, ಕಾಚಂಪುಳಿ ಮೂರೂ ಒಟ್ಟಿಗೆ ಇರುವ ಸಾರು ಅದು, ಹುಣ್ಣಾದ ಕರುಳಿಗೆ ಹೆಚ್ಚಾಗುತ್ತದೆ. ಹುಷಾರಾದ ಮೇಲೆ ಸ್ವಲ್ಪ ತಿಂದು ನೋಡಲಿ. ಬೆಲ್ಲದ ಕಾಪಿಯನ್ನು ಪೂರ್ತಿ ಬಿಡಿಸಿ ಜಗಳ ಕಾಯುವುದಕ್ಕಿಂತ ಒಂದು ಲೋಟಕ್ಕೆ ಇಳಿಸಿ, ಖಾಲಿ ಹೊಟ್ಟೆಗೆ ಬೇಡವೆಂದು ಹೇಳಿ. ಕಾಫಿ ಕರುಳನ್ನು ಓಡಿಸುತ್ತದೆ.

ಕ್ರೋನ್ಸ್‌ನಿಂದ ಕರುಳು ಕಿರಿದಾಗಿದೆ ಎಂದು ಸ್ಕ್ಯಾನಿನಲ್ಲಿ ಬಂದಿದ್ದರೆ ಮಾತು ಬೇರೆ. ಮಳೆಗಾಲದ ನಮ್ಮ ಅಚ್ಚುಮೆಚ್ಚಿನವೇ ಇಲ್ಲಿ ಅಪಾಯದವು: ಕಣಿಲೆ (ಎಳೆ ಬಿದಿರು), ಅಣಬೆ, ಹಲಸಿನ ತೊಳೆಯ ನಾರು, ಕಿತ್ತಳೆಯ ತೊಳೆಯ ಮೇಲಿನ ಸಿಪ್ಪೆ. ಇವುಗಳ ನಾರು ಜೀರ್ಣವಾಗದೆ ಉಂಡೆಯಾಗಿ ಕಿರಿದಾದ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ. ಎಷ್ಟು ದಿನ ನೀರಲ್ಲಿ ನೆನೆಸಿದರೂ ಕಣಿಲೆಯ ಕಹಿ ಹೋಗುತ್ತದೆ, ನಾರು ಹೋಗುವುದಿಲ್ಲ. ಕಿತ್ತಳೆ ಬೇಕೆಂದರೆ ರಸ ಸೋಸಿ ಕೊಡಿ. ಊಟವಾದ ಮೇಲೆ ಹೊಟ್ಟೆ ಹಿಂಡುವ ನೋವು, ಉಬ್ಬರ, ವಾಂತಿ, ಗಾಳಿಯೂ ಹೋಗದಿರುವುದು ಕಂಡರೆ ಕರುಳು ಕಟ್ಟಿದೆಯೆಂದೇ ತಿಳಿದು, ಬಾಯಿಗೆ ಏನೂ ಕೊಡದೆ ಆಸ್ಪತ್ರೆಗೆ ಹೊರಡಿ.

ಭೇದಿಯಾಗುವಾಗ ಓಆರ್‌ಎಸ್. ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ, ಸಣ್ಣದು 200 ಮಿಲಿಗೆ. ದೊಡ್ಡದನ್ನು ಲೋಟಕ್ಕೆ ಸ್ವಲ್ಪ ಸ್ವಲ್ಪ ಉದುರಿಸುವುದು ತಪ್ಪು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟಸವಾಗಿ. 24 ಗಂಟೆ ಕಳೆದದ್ದನ್ನು ಚೆಲ್ಲಿ. ತೋಡಿನ ನೀರಾಗಲಿ ಬಾವಿಯ ನೀರಾಗಲಿ, ಮಳೆಗಾಲದಲ್ಲಿ ಕುದಿಸದೆ ಬೇಡ. ಸಾಮಾನ್ಯ ಸೋಂಕಿನ ಭೇದಿಯೂ ಕಾಯಿಲೆಯನ್ನು ಕೆರಳಿಸಬಲ್ಲದು.

ಸಿಗರೇಟು, ಬೀಡಿ ಕ್ರೋನ್ಸನ್ನು ನಿಶ್ಚಿತವಾಗಿ ಕೆಡಿಸುತ್ತವೆ. ಅದರಲ್ಲಿ ‘ಸ್ವಲ್ಪ’ ಎಂಬುದಿಲ್ಲ.

ಶೌಚ, ಚರ್ಮ, ರಾತ್ರಿ

ಹಳೆಯ ಮನೆಗಳಲ್ಲೂ ತೋಟದ ಲೈನ್ ಮನೆಗಳಲ್ಲೂ ಪಾಯಿಖಾನೆ ಹೊರಗಿರುತ್ತದೆ. ರಾತ್ರಿ ಐದು ಸಲ ಮಳೆಯಲ್ಲಿ, ಪಾಚಿ ಕಟ್ಟಿದ ಅಂಗಳ ದಾಟಿ ಹೋಗುವುದು ಜಾರಿ ಬೀಳುವ ದಾರಿ. ಕೆರಳಿದ ದಿನಗಳಿಗೆ ಹಾಸಿಗೆಯ ಪಕ್ಕ ಕಮೋಡ್ ಕುರ್ಚಿ ಅಥವಾ ಮುಚ್ಚಳವಿರುವ ಬಕೆಟ್ ಇಡಿ, ಖಾಲಿ ಮಾಡುವ ಪಾಳಿ ಬೆಳಿಗ್ಗೆಗೆ ನಿಗದಿಯಾಗಲಿ. ಮೂಗು ಮುಚ್ಚಿಕೊಂಡು ಮಾಡುವ ಸೇವೆ ಅವರಿಗೆ ಕಾಣುತ್ತದೆ. ಹೊರಗೆ ಹೋಗಲೇಬೇಕಾದರೆ ದಾರಿಗೆ ಗೋಣಿ ಹಾಸಿ, ಟಾರ್ಚ್ ಒಂದೇ ಜಾಗದಲ್ಲಿಡಿ. ಸುಸ್ತಿದ್ದಾಗ ಒಳಗಿನಿಂದ ಚಿಲಕ ಹಾಕದಿರಲು ಹೇಳಿ, ಬಾಗಿಲಿಗೆ ಟವೆಲ್ ನೇತುಹಾಕಿದರೆ ಒಳಗೆ ಜನವಿದ್ದಾರೆಂದು ಗೊತ್ತಾಗುತ್ತದೆ.

ಹಲವು ಸಲ ತೊಳೆದ ಚರ್ಮ ಸುಲಿದು ಉರಿಯುತ್ತದೆ. ಉಗುರುಬೆಚ್ಚಗಿನ ನೀರಷ್ಟೇ ಸಾಕು. ಸೋಪು, ಡೆಟಾಲ್ ಬೇಡ. ಉಜ್ಜದೆ ಮೆತ್ತನೆಯ ಹತ್ತಿ ಬಟ್ಟೆ ಒತ್ತಿ ಒಣಗಿಸಿ, ಜಿಂಕ್ ಆಕ್ಸೈಡ್ ಮುಲಾಮು ತೆಳ್ಳಗೆ ಸವರಿ. ದಿನಕ್ಕೆ ಎರಡು ಮೂರು ಸಲ ಟಬ್ಬಿನ ಬೆಚ್ಚನೆ ನೀರಲ್ಲಿ 10ರಿಂದ 15 ನಿಮಿಷ ಕುಳಿತರೆ ಆರಾಮ. ಮಳೆಗಾಲದಲ್ಲಿ ಒಳಬಟ್ಟೆ ಪೂರ್ತಿ ಒಣಗುವುದಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ ಇಸ್ತ್ರಿ ಹಾಕಿ ಕೊಡಿ, ಇಲ್ಲದಿದ್ದರೆ ಹುಣ್ಣಿನ ಜೊತೆ ಹುಳುಕಡ್ಡಿಯೂ ಸೇರುತ್ತದೆ. ಗುದದ ಪಕ್ಕ ಗಡ್ಡೆಯಂತೆ ಊದಿ, ಮಿಡಿಯುವ ನೋವು, ಜ್ವರ ಬಂದರೆ ಅದು ಕೀವು. ಸೊಪ್ಪು ಅರೆದು ಕಟ್ಟದೆ ಸರ್ಜನ್‌ಗೆ ತೋರಿಸಿ. ಫಿಸ್ಟುಲಾಕ್ಕೆ ದಾರ ಹಾಕಿದ್ದರೆ ಎಳೆಯಬೇಡಿ, ಅದು ಕೀವು ಹರಿದುಹೋಗಲೆಂದೇ ಬಿಟ್ಟದ್ದು.

ಸ್ಟೊಮಾ (ಮಲ ಹೊರಬರಲು ಆಪರೇಷನ್ ಮಾಡಿ ಹೊಟ್ಟೆಯ ಮೇಲೆ ತೆರೆದ ಕರುಳಿನ ಬಾಯಿ) ಮತ್ತು ಅದಕ್ಕೆ ಅಂಟಿಸಿದ ಚೀಲ ಇರುವವರಿಗೆ: ಮೂರರಲ್ಲೊಂದು ಭಾಗ ತುಂಬಿದಾಗಲೇ ಖಾಲಿ ಮಾಡಿ, ತೂಕ ಹೆಚ್ಚಿದರೆ ಅಂಟು ಬಿಡುತ್ತದೆ. ಅಂಟುಪಟ್ಟಿಯ ರಂಧ್ರ ಸ್ಟೊಮಾಕ್ಕಿಂತ 2–3 ಮಿಲಿಮೀಟರ್ ಮಾತ್ರ ದೊಡ್ಡದಿರಲಿ. ಸ್ಟೊಮಾ ಒದ್ದೆಯಾಗಿ ಕೆಂಪಗಿರಬೇಕು, ನೀಲಿ ಅಥವಾ ಕಪ್ಪಾದರೆ ಆಸ್ಪತ್ರೆ. ಇಲಿಯೋಸ್ಟೊಮಿಯಿಂದ (ಸಣ್ಣ ಕರುಳಿನ ಸ್ಟೊಮಾದಿಂದ) ದಿನಕ್ಕೆ ಒಂದೂವರೆ ಲೀಟರ್ ದಾಟಿದರೆ ನೀರು ಉಪ್ಪು ಎರಡೂ ಸೋರುತ್ತಿವೆ ಎಂದರ್ಥ.

ಯಾವಾಗ ಹೊರಡಬೇಕು

ದಿನಕ್ಕೆ ಆರು ಅಥವಾ ಹೆಚ್ಚು ಸಲ ರಕ್ತಭೇದಿ, ಜೊತೆಗೆ ಜ್ವರ 100 ಫ್ಯಾರನ್‌ಹೀಟ್ ದಾಟಿದ್ದರೆ ಅಥವಾ ಸುಮ್ಮನೆ ಮಲಗಿದ್ದಾಗಲೂ ನಾಡಿ ನಿಮಿಷಕ್ಕೆ 90ಕ್ಕಿಂತ ಹೆಚ್ಚಿದ್ದರೆ ಅದು ತೀವ್ರ ಕೊಲೈಟಿಸ್. ಅಂದೇ ದಾಖಲಾಗಬೇಕು. ಹೊಟ್ಟೆ ಊದಿ ಬಿಗಿಯಾದರೆ, ಮೂತ್ರ ನಿಂತರೆ, ತಲೆ ತಿರುಗಿ ಬಿದ್ದರೆ ಲೆಕ್ಕ ಹಾಕುತ್ತ ಕೂರಬೇಡಿ. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಹಠಾತ್ ಉಸಿರುಗಟ್ಟುವುದು ರಕ್ತ ಹೆಪ್ಪುಗಟ್ಟಿದ ಸೂಚನೆ, ಕೆರಳಿದ ಐಬಿಡಿಯಲ್ಲಿ ಇದರ ಅಪಾಯ ಹೆಚ್ಚು. ಅಜಾಥಯೋಪ್ರಿನ್, ಸ್ಟೀರಾಯ್ಡ್ ಅಥವಾ ಇಂಜೆಕ್ಷನ್ ಮೇಲಿರುವವರಿಗೆ ಜ್ವರ ಬಂದರೆ ‘ಮಳೆಗೆ ನೆಂದದ್ದಕ್ಕೆ’ ಎಂದು ಬಿಡದೆ ಅಂದೇ ರಕ್ತಪರೀಕ್ಷೆ. ಗದ್ದೆಯಲ್ಲಿ ಬರಿಗಾಲಲ್ಲಿ ಇಳಿಯುವವರಾದರೆ ಇಲಿಜ್ವರದ ಮಾತನ್ನೂ ವೈದ್ಯರಿಗೆ ಹೇಳಿ.

108ಕ್ಕೆ ಕರೆ ಮಾಡಿ ಮೊದಲು ಹತ್ತಿರದ ಆಸ್ಪತ್ರೆಗೆ: ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯೋ ವಿರಾಜಪೇಟೆಯ ತಾಲ್ಲೂಕು ಆಸ್ಪತ್ರೆಯೋ. ಡ್ರಿಪ್ ಹಾಕಿಸಿ, ಸ್ಥಿತಿ ನೋಡಿಕೊಂಡು ಮುಂದಕ್ಕೆ ಹೋಗುವುದು, ನೇರವಾಗಿ ಮೂರು ಗಂಟೆ ಕಾರಿನಲ್ಲಿ ಕೂರಿಸುವುದಕ್ಕಿಂತ ಸುರಕ್ಷಿತ. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿ ಮಂಗಳೂರಿನ ದಾರಿಯೇ ಇಲ್ಲವಾಗಿತ್ತು. ಮಂಗಳೂರಿನಲ್ಲಿ ತೋರಿಸುವವರು ಮೈಸೂರಿನಲ್ಲೂ ಒಬ್ಬ ಗ್ಯಾಸ್ಟ್ರೋ ವೈದ್ಯರ ವಿಳಾಸ ಗೊತ್ತು ಮಾಡಿಟ್ಟುಕೊಳ್ಳಿ. ಮೇ ಕೊನೆಯೊಳಗೆ ಒಂದು ತಿಂಗಳ ಹೆಚ್ಚುವರಿ ಮಾತ್ರೆ ಮನೆಯಲ್ಲಿರಲಿ.

ಕೊಲೊನೋಸ್ಕೋಪಿಗೆ ಹೋಗುವಾಗ

ಹೊಟ್ಟೆ ತೊಳೆಯುವ ಔಷಧಿ ಕುಡಿದು ಘಾಟಿ ರಸ್ತೆಯಲ್ಲಿ ಬಸ್ಸು ಹತ್ತುವುದು ಯಾರಿಗೂ ಬೇಡವಾದ ಶಿಕ್ಷೆ. ಹಿಂದಿನ ದಿನ ಮಧ್ಯಾಹ್ನದೊಳಗೆ ಮೈಸೂರು ಸೇರಿ, ಟಾಯ್ಲೆಟ್ ಕೋಣೆಯೊಳಗೇ ಇರುವ ಲಾಡ್ಜ್ ಹಿಡಿಯಿರಿ. ಔಷಧಿಯನ್ನು ಸಾಮಾನ್ಯವಾಗಿ ಸಂಜೆ ಅರ್ಧ, ಬೆಳಗಿನ ಜಾವ ಅರ್ಧ ಕುಡಿಸುತ್ತಾರೆ. ಗಡಿಯಾರ ನೋಡುವ, ಲೋಟ ತುಂಬಿಸುವ ಕೆಲಸ ಜೊತೆಗೆ ಬಂದವರದ್ದು. ತಣ್ಣಗಿದ್ದರೆ ಕುಡಿಯಲು ಸುಲಭ. ಕೊನೆಗೆ ತಿಳಿಹಳದಿ ನೀರಿನಂತೆ ಹೋಗಬೇಕು. ಗಷ್ಟು ಇದ್ದರೆ ಆಸ್ಪತ್ರೆಗೆ ಹೋದ ಕೂಡಲೇ ತಿಳಿಸಿ, ಇಲ್ಲವಾದರೆ ಪರೀಕ್ಷೆ ಅರ್ಧಕ್ಕೆ ನಿಂತು ಇನ್ನೊಮ್ಮೆ ಬರಬೇಕಾಗುತ್ತದೆ. ಕಬ್ಬಿಣದ ಮಾತ್ರೆಯನ್ನು ಎಷ್ಟು ದಿನ ಮೊದಲೇ ನಿಲ್ಲಿಸಬೇಕೆಂದು ತಾರೀಖು ಕೊಡುವಾಗಲೇ ಕೇಳಿಕೊಳ್ಳಿ. ನಿದ್ದೆಯ ಇಂಜೆಕ್ಷನ್ ಕೊಟ್ಟಿದ್ದರೆ ಆ ದಿನ ಅವರು ಗಾಡಿ ಓಡಿಸುವಂತಿಲ್ಲ. ಜೊತೆಗಿಡುವ ಚೀಲದಲ್ಲಿ ಎರಡು ಜೊತೆ ಒಳಬಟ್ಟೆ, ಒದ್ದೆ ಟಿಶ್ಯೂ, ಪ್ಲಾಸ್ಟಿಕ್ ಕವರು, ಓಆರ್‌ಎಸ್, ನೀರು. ವಾಪಸ್ ಬರುವಾಗ ಬಸ್ಸಿಗಿಂತ ಕಾರು ಮೇಲು; ಬಸ್ಸೇ ಆದರೆ ಕಂಡಕ್ಟರಿಗೆ ಮೊದಲೇ ಒಂದು ಮಾತು ಹೇಳಿ ಬಾಗಿಲ ಹತ್ತಿರದ ಸೀಟು ಹಿಡಿಯಿರಿ. ಹುಣಸೂರು, ಕುಶಾಲನಗರದ ಬಸ್ ನಿಲ್ದಾಣಗಳಲ್ಲಿ ಇಳಿದು ಹತ್ತಲು ಸಮಯ ಸಿಗುತ್ತದೆ.